ಮರುಟಪಾಲು

ಯಾರೇ ಏನೇ ಕೇಳಲಿ, ಉತ್ತರ ಕೊಡದೆ ಅವರು ಮುಂದೆ ಹೋದದ್ದನ್ನು ನಾನು ಕಂಡಿರಲಿಲ್ಲ. ಮೆಟ್ಟಿಲ ಮೇಲೆ ಎದುರಾದಾಗ "ಚೆನ್ನಾಗಿದ್ದೀರಾ?" ಎಂದು ಬಾಯಿಮಾತಿಗೆ ಕೇಳಿ ನಾವು ನಾಲ್ಕು ಹೆಜ್ಜೆ ದಾಟಿ ಹೋಗಿದ್ದರೂ, ಅವರು ನಿಂತಲ್ಲೇ ನಿಂತು, ಕೋಟಿನ ಗುಂಡಿ ಮುಟ್ಟಿಕೊಂಡು, "ಕೇಳಿದ್ರಲ್ಲ, ಹೇಳ್ತೀನಿ. ಎಡಮಂಡಿ ಸ್ವಲ್ಪ ನೋವು, ಉಳಿದಂತೆ ಆರಾಮ" ಎಂದು ಪೂರ್ತಿ ವರದಿ ಒಪ್ಪಿಸಿಯೇ ಮುಂದಿನ ಮೆಟ್ಟಿಲು ಹತ್ತುತ್ತಿದ್ದರು. ನಾನು ಕಿರಿಯ ವಕೀಲನಾಗಿ ಸೇರಿದ ಕಚೇರಿಯಲ್ಲಿ ಅವರು ಹಿರಿಯ ಟೈಪಿಸ್ಟ್. ಎಲ್ಲರೂ ಸೇರಿ ಅವರಿಗೆ ಇಟ್ಟಿದ್ದ ಹೆಸರು ಮರುಟಪಾಲು. ಅದು ಅವರಿಗೂ ಗೊತ್ತಿತ್ತು, ಬೇಸರವಿರಲಿಲ್ಲ.

ಸಣ್ಣ ಆಳು. ಮೊಣಕೈ ಸವೆದ ಬೂದುಬಣ್ಣದ ಕೋಟು, ಅದರ ಒಳಜೇಬಿನಲ್ಲಿ ಸದಾ ಎರಡು ಲಕೋಟೆ, ನಾಲ್ಕು ಅಂಚೆಚೀಟಿ. ಅಂಚೆಪೆಟ್ಟಿಗೆ ತೆರೆಯುವ ಹೊತ್ತು ಮೀರಿಹೋಗುತ್ತಿದೆಯೇನೋ ಎಂಬಂತೆ ಪುಟ್ಟ ಪುಟ್ಟ ಹೆಜ್ಜೆಯ ಅವಸರದ ನಡಿಗೆ. ವಕೀಲರ ಕಚೇರಿಯೆಂದರೆ ಇಂಗ್ಲಿಷಿನ ಮನೆಯಲ್ಲಿ ಬಂದು ಬಿಡಾರ ಹೂಡಿರುವ ಪರದೇಶಿ ಮಾತುಗಳ ಸಂತೆ. ಪ್ರೈಮಾ ಫೇಸಿ, ಬೋನಾ ಫೈಡ್, ಸ್ಟೇಟಸ್ ಕೋ, ವೈಸ್ ವರ್ಸಾ ಇವನ್ನೆಲ್ಲ ನಾವು ಒಗ್ಗರಣೆಯಂತೆ ಮೇಲಿಂದ ಸುರಿಯುತ್ತಿದ್ದೆವು. ಅವರು ಮಾತ್ರ ಒಂದೊಂದನ್ನೂ ಹಿಡಿದು ನಿಲ್ಲಿಸಿ, ಎಲ್ಲಿಂದ ಬಂದೆ, ಏನು ಹೇಳುತ್ತೀಯೆ ಎಂದು ವಿಚಾರಿಸಿ, ಗಟ್ಟಿರಟ್ಟಿನ ಪುಸ್ತಕವೊಂದರಲ್ಲಿ ಬರೆದಿಟ್ಟ ಮೇಲೆಯೇ ಟೈಪಿಸುತ್ತಿದ್ದರು. "ಅರ್ಥ ಗೊತ್ತಿಲ್ದೆ ಟೈಪ್ ಮಾಡೋದೂ ಒಂದೇ, ಓದ್ದೆ ಸಹಿ ಹಾಕೋದೂ ಒಂದೇ" ಎನ್ನುತ್ತಿದ್ದರು.

ಸೋರುವ ಗೋಡೆಯ ಬಗ್ಗೆ ನೆರೆಮನೆಯವರಿಗೆ ಕಳಿಸಬೇಕಾಗಿದ್ದ ಒಂದು ನೋಟಿಸಿನಲ್ಲಿ ನಾನು ಅಂಥ ಐದು ಮಾತುಗಳನ್ನು ತುರುಕಿದ್ದೆ. ಹಾಳೆ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದರು. "ಸಾರ್, ಇವನ್ನ ಬೇಕಂತಲೇ ಹಾಕಿದ್ರಾ, ಇಲ್ಲ ಚೆನ್ನಾಗಿ ಕಾಣ್ಲಿ ಅಂತ ಹಾಕಿದ್ರಾ?" ಕುಹಕವಿಲ್ಲದ ಪ್ರಶ್ನೆ, ಆದ್ದರಿಂದಲೇ ನನ್ನ ಕಿವಿ ಬಿಸಿಯಾಯಿತು. ನಾಲ್ಕನ್ನು ಅಲ್ಲೇ ಹೊಡೆದುಹಾಕಿದೆ.

ಅವರ ಹಟಗಳಲ್ಲೆಲ್ಲ ದೊಡ್ಡದು ಮದುವೆ ಕಾರ್ಡಿನದು. ಕಾರ್ಡಿನ ಮೂಲೆಯಲ್ಲಿರುವ ಆರ್.ಎಸ್.ವಿ.ಪಿ. ಎಂಬ ನಾಲ್ಕು ಅಕ್ಷರಗಳನ್ನು, ಮದುವೆಮನೆಯ ಯಾರೋ ಹಿರಿಯರ ಇನಿಷಿಯಲ್ಲುಗಳೆಂದು ನಾನು ಬಹುಕಾಲ ತಿಳಿದಿದ್ದೆ. "ಫ್ರೆಂಚರ ಮಾತು ಸಾರ್. ಉತ್ತರ ಕೊಡಿ ಅಂತ. ಅದೂ ದಯವಿಟ್ಟು ಅಂತ ಬೇರೆ ಕೇಳ್ಕೊಂಡಿದಾರೆ" ಎಂದು ತಿದ್ದಿದರು. ಕಾರ್ಡು ಬಂದ ದಿನವೇ ಬರುತ್ತೇನೆಂದೋ ಬರಲಾಗದೆಂದೋ ಅವರ ಕಾಗದ ಅಂಚೆಗೆ ಬೀಳುತ್ತಿತ್ತು. ಒಮ್ಮೆ ಎದುರಿನ ಬಟ್ಟೆ ಅಂಗಡಿಯ ಯಜಮಾನರು, "ಬರಲಾಗದ್ದಕ್ಕೆ ವಿಷಾದಿಸುತ್ತೇನೆ" ಎಂಬ ಕಾಗದ ಹಿಡಿದುಕೊಂಡು ಏದುಸಿರು ಬಿಡುತ್ತ ನಮ್ಮ ಮಹಡಿ ಹತ್ತಿ ಬಂದರು. "ನಮ್ಮಿಂದ ಏನಾದ್ರೂ ತಪ್ಪಾಯ್ತಾ?" ಇವರು ಕಾರ್ಡು ತೆಗೆದು ಆ ಮೂಲೆಯ ಮೇಲೆ ಬೆರಳಿಟ್ಟು ತೋರಿಸಿದರು. ಯಜಮಾನರು ಕನ್ನಡಕ ಏರಿಸಿ ನೋಡಿ, "ಓ ಇದಾ. ಇದು ಪ್ರೆಸ್ನೋರು ಹಾಕೋದು, ಎಲ್ಲಾ ಕಾರ್ಡಲ್ಲೂ ಇರುತ್ತಲ್ಲ" ಎಂದು ಉಸಿರು ಬಿಟ್ಟರು. ನಾವು ಆ ವಾರವೆಲ್ಲ ನಕ್ಕೆವು.

ಅದಾದ ಮರುವರ್ಷ ಅವರ ಅಣ್ಣನ ಮಗಳ ಮದುವೆಯ ಕಾರ್ಡು ಬಂತು. ಅಣ್ಣತಮ್ಮಂದಿರ ನಡುವೆ ಒಂಬತ್ತು ವರ್ಷಗಳಿಂದ ಮಾತಿರಲಿಲ್ಲ. ಆಸ್ಪತ್ರೆಯಲ್ಲಿ ತಾಯಿಯ ಶಸ್ತ್ರಚಿಕಿತ್ಸೆಗೆ ಅಣ್ಣ ಒಬ್ಬರೇ ಸಹಿ ಹಾಕಿದ್ದರು. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಇವರನ್ನು ಒಂದು ಮಾತು ಕೇಳಿರಲಿಲ್ಲ. ತಾಯಿ ಉಳಿಯಲಿಲ್ಲ. "ಕೇಳಿದ್ರೆ ನಾನೂ ಹೂಂ ಅಂತಿದ್ದೆ ಸಾರ್," ಎಂದರು ನನ್ನೊಡನೆ, "ಆದ್ರೆ ಕೇಳ್ಬೇಕಿತ್ತು."

ಕಾರ್ಡಿನಲ್ಲಿ ಕೈಬರಹದ ಒಂದು ಸಾಲೂ ಇರಲಿಲ್ಲ. ಇದ್ದದ್ದು ಆ ನಾಲ್ಕು ಅಕ್ಷರ, ಅದರ ಕೆಳಗೆ ಅಣ್ಣನ ಹೆಸರು. ಮೂರು ದಿನ ಅದು ಟೈಪ್‌ರೈಟರಿಗೆ ಒರಗಿಕೊಂಡೇ ನಿಂತಿತ್ತು. ಹಾಳೆ ಏರಿಸುವರು, ಎರಡು ಪದ ಹೊಡೆಯುವರು, ಎಳೆದು ಹರಿಯುವರು. ಕೊನೆಗೆ ನನ್ನ ಬಳಿ ಬಂದು ಮೆಲ್ಲಗೆ ಕೇಳಿದರು: "ಇದು ಅಣ್ಣ ಕೇಳಿರೋದಾ ಸಾರ್, ಇಲ್ಲ ಪ್ರೆಸ್ನೋರು ಕೇಳಿರೋದಾ? ಅವನು ಕೇಳ್ದೇ ಇದ್ರೆ ನಾನಾಗೇ ಮೇಲೆ ಬಿದ್ದು ಹೋದ ಹಾಗಾಗುತ್ತೆ."

ಅವರ ಮುಖ ನೋಡಿ ನನಗೆ ಸಂಕಟವಾಯಿತು. ಗೊತ್ತಿದ್ದದ್ದು ವಕೀಲರ ಮಾತೊಂದೇ. "ಸಂಶಯದ ಲಾಭ ಅಣ್ಣನಿಗೆ ಕೊಟ್ಬಿಡಿ" ಎಂದೆ. ಅವರು ಆ ಮಾತನ್ನೂ ಗಟ್ಟಿರಟ್ಟಿನ ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ಹೋಗಿ ಕುಳಿತು, ಒಂದೇ ಸಾಲು ಹೊಡೆದರು: "ಅಣ್ಣಾ, ನೀನು ಕೇಳಿದ್ದೀಯ. ಬರುತ್ತೇನೆ." ಲಕೋಟೆ ಅಂಟಿಸಿ, ತಾವೇ ಹೋಗಿ ಪೆಟ್ಟಿಗೆಗೆ ಹಾಕಿ ಬಂದರು.

ಮದುವೆಗೆ ಜೊತೆಗಿರಲಿ ಎಂದು ನನ್ನನ್ನೂ ಕರೆದೊಯ್ದರು. ಬಾಗಿಲಲ್ಲಿ ನಿಂತಿದ್ದ ಅಣ್ಣ ಇವರಿಗಿಂತ ಒಂದು ಗೇಣು ಎತ್ತರ, ಮೂಗು ಮಾತ್ರ ಅದೇ ಮೂಗು. ಕಾಗದದ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ; ಆ ಅಕ್ಷರಗಳನ್ನು ಹಾಕಿಸಿದ್ದು ಯಾರೆಂದು ನನಗೆ ಇಂದಿಗೂ ತಿಳಿಯದು. ಅಣ್ಣ ಸ್ವಲ್ಪ ಹೊತ್ತು ಇವರ ಕೈ ಹಿಡಿದುಕೊಂಡಿದ್ದು, ಕಾದು ನಿಂತಿದ್ದ ಫೋಟೋದವನ ಕಡೆ ಒಮ್ಮೆ ನೋಡಿ, ಮತ್ತೆ ಇವರ ಕಡೆ ತಿರುಗಿದರು. "ಅಮ್ಮನ ಕಡೆಯೋರೆಲ್ಲ ಬಂದಿದಾರೆ ಕಣೋ. ಫೋಟೋ ಮೊದ್ಲು ತೆಗೆಸೋಣ್ವಾ, ಊಟ ಮೊದ್ಲಾ? ನೀನು ಏನಂತೀಯ?"

ಮರುಟಪಾಲು ಬಾಯಿ ತೆರೆದರು. ಮಾತು ಬರಲಿಲ್ಲ. ಕಣ್ಣು ತುಂಬಿಕೊಂಡಿತು. ಅಣ್ಣ ಅವಸರಪಡಿಸಲಿಲ್ಲ, ಭುಜದ ಮೇಲೆ ಕೈಯಿಟ್ಟು, ಉತ್ತರ ಬರುವವರೆಗೂ ಹಾಗೆಯೇ ನಿಂತಿದ್ದರು.

ನಮ್ಮ ದಿನದ ಮಾತಿನಲ್ಲಿ ಅರ್ಧಕ್ಕರ್ಧ ಅಲಂಕಾರಕ್ಕೆಂದು ಆಡುವುದೇ. ಅದನ್ನು ನಿಜವೆಂದೇ ಹಿಡಿದು ಮರುಮಾತು ಕಳಿಸುವ ಇಂಥವರನ್ನು ಕಂಡರೆ ನಗು ಬರುವುದು ಸಹಜ. ನಾನೂ ನಕ್ಕವನೇ. ಆದರೆ ಬಾಯಿಮಾತಿಗೆ ಕೇಳಿದವನ ಕೈಗೂ ಒಮ್ಮೆ ಇಂಥವರ ಉತ್ತರ ಬಂದು ಸೇರಿತೆಂದರೆ, ಕೇಳಬೇಕಾಗಿದ್ದುದನ್ನು ತಾನು ಇನ್ನೂ ಕೇಳಿಯೇ ಇಲ್ಲವೆಂಬುದು ಅವನಿಗೆ ಹೊಳೆಯುತ್ತದೆ. ಆಗ ಅವನು ಎದುರಿಗೆ ನಿಂತು, ಸರಿಯಾಗಿ ಕೇಳುತ್ತಾನೆ.