ಪೇರಳೆ ಮರಕ್ಕೆ ಕಟ್ಟಿದ ಗರಿ

ಎಡಗೈ, ಮತ್ತೆ ಎಡಗೈಯೇ, ಬಟ್ಟಲಿನಿಂದ ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಗಂಜಿ ಲಂಗದ ಮೇಲೆ, ಬಿದ್ದ ಅಗುಳು ಹೆಕ್ಕುವುದೂ ಎಡಗೈ, ಬಲಗೈ ಮಾತ್ರ ಲಂಗದ ಮಡಿಕೆಯೊಳಗೆ ಮುಷ್ಟಿ ಕಟ್ಟಿಕೊಂಡು ಕೂತಿದೆ, ಮೊನ್ನೆಯಿಂದ ಹೀಗೆಯೇ – ದಮಯಂತಿ ಬಸಳೆಯ ದಂಟು ಮುರಿಯುತ್ತ ಮಗಳನ್ನು ನೋಡಿದಳು, ಇವತ್ತು ಸಂಕ್ರಾಂತಿ, ಮೀನಿಲ್ಲ, ಆದರೂ ಹೊಳೆಯ ಕಡೆಯಿಂದ ಒಣಮೀನಿನ ವಾಸನೆ ಬರುತ್ತಿದೆ, ಶಿರಿಯದ ಗಾಳಿಗೆ ಸಂಕ್ರಾಂತಿಯೂ ಇಲ್ಲ ಏಕಾದಶಿಯೂ ಇಲ್ಲ, ಸೇತುವೆಯ ಮೇಲೆ ರೈಲು ಹೋಯಿತು, ರೈಲಿನ ಸದ್ದು ಕೇಳಿದರೆ ಅಂಗಳಕ್ಕೆ ಓಡುತ್ತಿದ್ದ ಹುಡುಗಿ ತಲೆ ಕೂಡ ಎತ್ತಲಿಲ್ಲ. ಪಂಕಜ, ಬಲದ ಕೈಯಲ್ಲಿ ತಿನ್ನು ಮಗಾ. ಬೇಡಮ್ಮ, ಆಡಿಸಿದ್ರೆ ಅವನಿಗೆ ಕಾಣ್ತದೆ. ಯಾರಿಗೆ ಎಂದು ದಮಯಂತಿ ಕೇಳಬೇಕಾಗಿರಲಿಲ್ಲ, ಗುಳಿಗ ದೈವಕ್ಕೆ. ಪೇರಳೆ ಮರ ಬಾವಿಯ ಹತ್ತಿರ ಇತ್ತು, ಮರದ ಸೊಂಟಕ್ಕೆ ತೆಂಗಿನ ಗರಿ ಇತ್ತು, ಹಳದಿಯಾಗಿದ್ದ ಗರಿ ಈಗ ಕಂದಿದೆ, ಗಾಳಿಗೆ ಅಲ್ಲಾಡುತ್ತದೆ, ದಮಯಂತಿಯೇ ಅದನ್ನು ಕಟ್ಟಿ ಮರೆತೂ ಬಿಟ್ಟಿದ್ದಳು.

ಮರೆಯುವಂಥದ್ದೇ ಆಗಿತ್ತು ಅದು, ಆಚೆಮನೆ ಕುಂಞನ ಮಗಳ ಮದುವೆ ಚಪ್ಪರಕ್ಕೆ ತಂದು ಉಳಿದ ತೆಂಗಿನ ಎಳೆಗರಿ, ನೀರು ಸೇದಲು ಹೋದವಳು ನೋಡಿದರೆ ಪೇರಳೆ ಮರದ ಬುಡದಲ್ಲಿ ಕಚ್ಚಿ ಬಿಸಾಡಿದ ಎಳೆಕಾಯಿಗಳು, ಹಣ್ಣಾಗುವವರೆಗೆ ತಾಳಲಾರದ ಊರ ಪಿಳ್ಳೆಗಳು, ಹೇಳಿ ಹೇಳಿ ಬಾಯಿ ಸೋತಿತ್ತು, ಹಗ್ಗ ಬಾವಿಕಟ್ಟೆಯ ಮೇಲೆ ಇಟ್ಟಳು, ಗರಿ ತಂದು ಮರಕ್ಕೆ ಸುತ್ತಿ ಗಂಟು ಹಾಕಿದಳು, ಮತ್ತೆ ಹಗ್ಗ ಹಿಡಿದಳು, ಇಷ್ಟೇ. ಹಾಗೆ ಕಟ್ಟುವುದಲ್ಲ ಅದನ್ನು, ಅದು ಅವಳಿಗೂ ಗೊತ್ತು, ಗುಳಿಗನ ಕಲ್ಲಿನ ಮುಂದೆ ಗರಿ ಇಡಬೇಕು, ದೈವ ಮೈಮೇಲೆ ಬರುವ ಪಾತ್ರಿ ಪ್ರಾರ್ಥನೆ ಮಾಡಿ ಕೊಡಬೇಕು, ಆಮೇಲೆ ಕಟ್ಟಿದರೆ ಆ ಮರಕ್ಕೆ ದೈವದ ಕಾವಲು, ಕದ್ದವರ ಕೈ ಒಣಗುತ್ತದೆ. ಇವಳ ಗರಿಗೆ ಕಲ್ಲೂ ಇಲ್ಲ ಪಾತ್ರಿಯೂ ಇಲ್ಲ, ಬರೀ ಗಂಟು. ಊರ ಪಿಳ್ಳೆಗಳು ಗರಿ ಕಂಡು ಬೇಲಿಯಾಚೆಯೇ ನಿಂತವು, ಒಳಗಿದ್ದ ಸ್ವಂತ ಮಗಳು ಹೋಗಿ ಒಂದು ಕಾಯಿ ಕಿತ್ತಳು, ಕಿತ್ತ ಮೇಲೆ ಗರಿ ನೋಡಿದಳು, ಕಿರುಚಿದಳು. ಬಾಗಿಲಲ್ಲಿ ಕೂತು ಎಲೆ ಅಡಿಕೆ ಜಗಿಯುತ್ತಿದ್ದ ಅತ್ತೆ ಎದ್ದೂ ಬರಲಿಲ್ಲ, ಹೆದರಿಕೆ ಆಯ್ತಲ್ಲ, ಒಳ್ಳೇದೇ ಆಯ್ತು, ಇನ್ನು ಜನ್ಮದಲ್ಲಿ ಮತ್ತೊಬ್ಬರ ವಸ್ತುವಿಗೆ ಕೈ ಹಾಕ್ಲಿಕ್ಕಿಲ್ಲ ಎಂದರು, ಸಂಕ್ರಾಂತಿಗೆ ಕಲ್ಲಿನ ಹತ್ರ ಕರ್ಕೊಂಡು ಹೋಗಿ ತಪ್ಪುಕಾಣಿಕೆ ಹಾಕಿಸುವ, ಪಾತ್ರಿ ನಾಲ್ಕು ಮಾತು ಗದರಿಸಿ ಹೇಳಲಿ, ಮಕ್ಕಳಿಗೆ ಅದು ಬೇಕು ದಮಯಂತಿ, ನಮಗೆಲ್ಲ ಹಾಗೇ ಅಲ್ವಾ ಕಲಿಸಿದ್ದು.

ಹೌದು, ಹಾಗೆಯೇ, ನಾಯ್ಮಾರ್ಮೂಲೆಯ ತವರಿನಲ್ಲಿ ಬುಟ್ಟಿ ಮಾರುವ ಬಟ್ಯ ಬರುತ್ತಿದ್ದ, ಕಡ್ಡಿಯಂಥ ಬಲಗೈ, ಬೆರಳು ಒಳಗೆ ಮಡಚಿಕೊಂಡೇ ಇರುತ್ತಿತ್ತು, ಅಜ್ಜಿ ಇವಳ ಗಲ್ಲ ಹಿಡಿದು ಆ ಕಡೆ ತಿರುಗಿಸುತ್ತಿದ್ದಳು, ನೋಡು, ದೈವದ ಎಳನೀರು ಕದ್ದು ಕುಡಿದ ಕೈ ಅದು, ಬಟ್ಯ ಇಲ್ಲವೆನ್ನದೆ ನಗುತ್ತಿದ್ದ, ಕೈ ತುಸು ಮುಂದೆಯೇ ಚಾಚುತ್ತಿದ್ದ, ಅಜ್ಜಿ ಅವನ ಬುಟ್ಟಿಗೆ ಒಂದು ಸೇರು ಅಕ್ಕಿ ಸುರಿಯುತ್ತಿದ್ದಳು. ಅವನು ಸತ್ತ ವರ್ಷ ಅವನ ಮಗಳೇ ಹೇಳಿದಳು, ಹುಟ್ಟುವಾಗಲೇ ಹಾಗೆ ಅಕ್ಕ, ಅಪ್ಪ ಒಂದು ಸೌತೆಕಾಯಿ ಕೂಡ ಕದ್ದವರಲ್ಲ. ಕೇಳಿ ದಮಯಂತಿಗೆ ನಾಚಿಕೆಯಾಗಿತ್ತು, ಅಜ್ಜಿಯ ಮೇಲೆ ಸಿಟ್ಟೂ ಬಂದಿತ್ತು, ಆದರೆ ದಮಯಂತಿ ತಾನೂ ಕದ್ದವಳಲ್ಲ, ಅದೂ ನಿಜ, ಇವತ್ತಿನವರೆಗೆ ಒಂದು ಮಲ್ಲಿಗೆ ಮೊಗ್ಗು ಕೂಡ ಕೇಳದೆ ಕೊಯ್ದವಳಲ್ಲ. ಸಣ್ಣವಳಿದ್ದಾಗ ಹೊಳೆಯ ದಡದಲ್ಲಿ ನೆರೆಮನೆಯ ಜಲಜಾಕ್ಷಿಯ ಚಿನ್ನದ ಓಲೆ ಸಿಕ್ಕಿದಾಗ ಓಡಿ ಹೋಗಿ ಕೊಟ್ಟಿದ್ದಳು, ಎಂಥಾ ಒಳ್ಳೆ ಹುಡುಗಿ ಎಂದು ಊರೆಲ್ಲ ಹೊಗಳಿತು, ಜಲಜಾಕ್ಷಿ ಅಳುತ್ತಿದ್ದಳಂತೆ, ತಾಯಿ ಕೊಟ್ಟ ಓಲೆಯಂತೆ, ಇವಳಿಗೆ ಅದೊಂದೂ ಕಾಣಿಸಿರಲಿಲ್ಲ, ದಾರಿಯುದ್ದಕ್ಕೂ ತನ್ನ ಬೆರಳುಗಳನ್ನೇ ಮಡಚಿ ಬಿಡಿಸಿ ನೋಡುತ್ತಿದ್ದಳು. ಒಳ್ಳೆ ಹುಡುಗಿಯೋ, ಬಟ್ಯನ ಕೈಯೋ, ಓಲೆ ಕೊಟ್ಟದ್ದು ಯಾರು? ಅತ್ತೆ ಹೇಳುವುದರಲ್ಲೂ ಸುಳ್ಳಿಲ್ಲ, ಹೆದರಿದವರು ಕದಿಯುವುದಿಲ್ಲ, ಆದರೆ ಹೆದರಿದ ಈ ಹುಡುಗಿ ಉಣ್ಣುವುದೂ ಇಲ್ಲ, ಬರೆಯುವುದೂ ಇಲ್ಲ, ರಾತ್ರಿ ಕೈಯನ್ನು ಹೊಟ್ಟೆಯ ಅಡಿಗೆ ಹಾಕಿ ಮಲಗುತ್ತಾಳೆ, ನಿನ್ನೆ ಎಣ್ಣೆ ಹಚ್ಚುವ ನೆಪದಲ್ಲಿ ಮುಷ್ಟಿ ಬಿಡಿಸಲು ಹೋದರೆ ಬೆರಳು ಬಿಡಲಿಲ್ಲ, ಹಟವಲ್ಲ, ಬಿಡಿಸಲಿಕ್ಕೇ ಬರಲಿಲ್ಲ. ಸಂಜೆ ಪಾತ್ರಿ ಮೈದುಂಬಿ ಗದರಿಸಿದರೆ ಆ ಮುಷ್ಟಿ ಹಾಗೆಯೇ ನಿಂತುಬಿಡುತ್ತದೆ ಎಂದು ದಮಯಂತಿಗೆ ಖಂಡಿತವಾಗಿ ಅನಿಸಿತು, ಬೆಳೆದ ಮೇಲೂ ಹಾಗೆಯೇ, ಅಕ್ಕಿ ಸುರಿದು ಮಕ್ಕಳಿಗೆ ತೋರಿಸುವ ಕೈಯಾಗಿ.

ಬಸಳೆ ಅಲ್ಲೇ ಬಿಟ್ಟು ಎದ್ದಳು, ಬಾ ಮಗಾ ಎಂದು ಎಡಗೈ ಹಿಡಿದು ಎಳೆದುಕೊಂಡೇ ಬಾವಿಯ ಕಡೆ ಹೋದಳು, ಅತ್ತೆ ಎಲ್ಲಿಗೆ ಎಂದರು, ಕೇಳಿಸದ ಹಾಗೆ ನಡೆದಳು, ಹುಡುಗಿ ಮರ ಕಂಡದ್ದೇ ಕಾಲು ಊರಿ ನಿಂತಿತು. ಗಂಟು ಒಣಗಿ ಬಿಗಿಯಾಗಿತ್ತು, ಹಲ್ಲಿನಲ್ಲಿ ಕಚ್ಚಿ ಬಿಡಿಸಿದಳು, ಗರಿಯನ್ನು ಮಗಳ ಕಾಲ ಬುಡದಲ್ಲಿ ಹಾಕಿದಳು, ಇದು ನಾನು ಕಟ್ಟಿದ್ದು ಪಂಕಜ, ಕುಂಞನ ಚಪ್ಪರದ ಗರಿ, ಗುಳಿಗನೂ ಇಲ್ಲ ಎಂತದೂ ಇಲ್ಲ ಇದರಲ್ಲಿ, ಆ ಪಿಳ್ಳೆಗಳನ್ನು ಹೆದರಿಸ್ಲಿಕ್ಕೆ ಸುಮ್ಮನೆ ಕಟ್ಟಿದ್ದು, ಅವನು ಇಲ್ಲಿಗೆ ಬರ್ಲೇ ಇಲ್ಲ, ನಿನ್ನ ಕೈಗೆ ಎಂತ ಆಗುದಿಲ್ಲ. ಹುಡುಗಿ ಗರಿ ನೋಡಿತು, ಅಮ್ಮನನ್ನು ನೋಡಿತು, ಪಾತ್ರಿ ಕೊಟ್ಟದ್ದಲ್ವಾ? ಅಲ್ಲ. ಅವನನ್ನು ಕೇಳದೆಯೇ ಅವನ ಹೆಸರು ತೆಗೊಂಡು ಕಟ್ಟಿದ್ದಾ? ಹೌದು, ನಾನೇ. ಲಂಗದೊಳಗಿಂದ ಬಲಗೈ ಬಂತು, ಬೆವರಿ ಬೆಳ್ಳಗಾದ ಮುಷ್ಟಿ, ಕಿರುಬೆರಳು ಮೊದಲು, ಆಮೇಲೆ ಉಳಿದವು ಒಂದೊಂದಾಗಿ, ದಮಯಂತಿಯ ಎದೆಯಿಂದ ಒಂದು ಕಲ್ಲು ಇಳಿದಂತಾಯಿತು, ಹೇಳಿದ್ದು ಸರಿಯಾಯಿತು, ಅತ್ತೆಗೆ ಏನಾದರೂ ಹೇಳಿಕೊಳ್ಳಬಹುದು, ಮಗಳಿಗೂ ಹೇಳಬೇಕು, ಕದಿಯಬಾರದು ಯಾಕೆಂದರೆ – ಯಾಕೆ, ಜಲಜಾಕ್ಷಿ ಅತ್ತಳಲ್ಲ, ಅದಕ್ಕೆ, ಅಲ್ಲಿಂದಲೇ ಶುರುಮಾಡಬೇಕು – ಅಷ್ಟರಲ್ಲಿ ಹುಡುಗಿ ಆ ಬಿಚ್ಚಿದ ಕೈಯಿಂದಲೇ ಅಮ್ಮನ ಬಲಗೈಯನ್ನು ಹಿಡಿಯಿತು, ಎರಡೂ ಕೈಯಲ್ಲಿ ಹಿಡಿಯಿತು, ಬೆರಳುಗಳನ್ನು ಒಂದೊಂದಾಗಿ ಒಳಗೆ ಮಡಚಿತು, ಮುಷ್ಟಿ ಮಾಡಿ ಅವಳದೇ ಸೆರಗಿನೊಳಗೆ ತುರುಕಿ ಮುಚ್ಚಿತು, ಮರದ ಕಡೆ ಒಮ್ಮೆ ನೋಡಿ ಪಿಸುಗುಟ್ಟಿತು, ಆಡಿಸಬೇಡಮ್ಮ, ಕಾಣ್ತದೆ ಅವನಿಗೆ. ಏಯ್ ಹುಚ್ಚಿ ಎಂದು ನಗಬೇಕು, ಕೈ ಹೊರಗೆ ತೆಗೆಯಬೇಕು, ಒಳಗೆ ಹೋಗಬೇಕು, ಬಸಳೆ ಬಾಡುತ್ತದೆ, ಬರೀ ಗಂಟು ಅದು, ತೆಗೆಯಬೇಕು, ಮಗಳು ನೋಡುತ್ತಿದ್ದಾಳೆ, ಈಗ ತೆಗೆದರೆ ಆಯಿತು, ಈಗ, ಕಿರುಬೆರಳು ಸ್ವಲ್ಪ ಜೋಮು ಹಿಡಿದಂತೆ, ಇಲ್ಲ, ಹಗ್ಗ ಸೇದಿ ಸೇದಿ ಆದದ್ದು, ಬಟ್ಯ ನಗುತ್ತಿದ್ದ, ತೆಗೆಯಬೇಕು, ಸೆರಗಿನೊಳಗೆ ಕೈ, ಬೆರಳು ಒಳಗೆ ಮಡಚಿದ ಕೈ, ಅಲ್ಲಾಡದ ಕೈ