ಅಪ್ಪನ ಹೆಸರಿನಲ್ಲಿ

ಪೋತ್ನಾಳದ ಬಸ್ ನಿಲ್ದಾಣದ ಎದುರು ಗಡಿಗೆಪ್ಪನ ಅಂಗಡಿ. ಈಗೀಗ ಅವನು ಮೀಸೆ ಬಂದವರಿಗೂ ಆಧಾರ್ ಕಾರ್ಡ್ ನೋಡದೆ ತಂಬಾಕು ಕೊಡುವುದಿಲ್ಲ. ನಮ್ಮ ತೊಟ್ಟಿಲ ಶಾಸ್ತ್ರಕ್ಕೆ ಬಂದು ಸಕ್ಕರೆ ತಿಂದು ಹೋದವನೇ ಈಗ ವಯಸ್ಸು ಕೇಳುತ್ತಾನಲ್ಲ ಎಂದು ಊರ ಹುಡುಗರು ನಗುತ್ತಾರೆ.

ಒಂದು ಬೆಳಿಗ್ಗೆ ಅಂಗಡಿಯ ಬರಣಿಯ ಮುಚ್ಚಳ ಟಕ್ ಟಕ್ ಎಂದಿತು. ಗೋಪಮ್ಮನ ಮಗ ಸಂಜೀವ ಹಾಗೆಯೇ ನಾಣ್ಯ ಬಡಿಯುತ್ತಿದ್ದ. ಬಾಯಿ ಕ್ಯಾನ್ಸರಾಗಿ, ಇಪ್ಪತ್ತೆರಡಕ್ಕೇ ಅವನು ಮಣ್ಣಾಗಿ ಮೂರು ತಿಂಗಳಾದರೂ ಆ ಸದ್ದು ಅಂಗಡಿ ಬಿಟ್ಟು ಹೋಗಿರಲಿಲ್ಲ.

ಗಡಿಗೆಪ್ಪ ತಲೆ ಎತ್ತಿದರೆ ಮೌನಪ್ಪನ ಮಗಳು ಕಲ್ಯಾಣಿ. ಆರನೆಯ ಕ್ಲಾಸಿನ ಹುಡುಗಿ.

"ಕಾಕಾ, ನಮ್ಮಪ್ಪಗ ಎರಡು ಜರ್ದಾ ಚೀಟಿ ಬೇಕಂತ."

ಅದೇ ಮಾತು. ಹತ್ತು ವರ್ಷದವನಿದ್ದಾಗ ಸಂಜೀವನೂ ಹಾಗೆಯೇ ಕೇಳುತ್ತಿದ್ದ.

"ನಿಮ್ಮಪ್ಪನ್ನ ಕಳಸವ್ವ."

ಸ್ವಲ್ಪ ಹೊತ್ತಿಗೆ ಮೌನಪ್ಪ ಮಗಳನ್ನು ಕರೆದುಕೊಂಡು ಸಿಡುಕುತ್ತಲೇ ಬಂದ. "ನಾಕು ಮಂದಿ ಮುಂದ ನನ್ನ ಮಗಳನ್ನ ಸುಳ್ಳಿ ಮಾಡಿದೇನು? ನಾನೇ ಕಳಿಸೀನಿ. ಹೊಲದಾಗ ಆಳು ಬಿಟ್ಟು ನಾ ಬರಬೇಕೇನು?"

"ನಿನ್ನ ಮಗಳು ಖರೇ ಹೇಳ್ಯಾಳ. ಆದ್ರೂ ಸಣ್ಣವರ ಕೈಯಾಗ ಕೊಡಂಗಿಲ್ಲ."

"ಊರಾಗ ಎಲ್ಲಾರೂ ಮಕ್ಕಳನ್ನೇ ಕಳಸ್ತಾರ. ಸಂಜೀವ ಸುಳ್ಳು ಹೇಳಿ ಒಯ್ದ. ಅದರಾಗ ನಿಂದೇನು ತಪ್ಪು?"

ಅಂಗಡಿಯ ಕಟ್ಟೆಯ ಮೇಲೆ ಮಾನ್ವಿ ಬಸ್ಸಿಗಾಗಿ ಗೋಪಮ್ಮ ಕೂತಿದ್ದಳು. ಮಗನ ದಿನಕರ್ಮ ಮುಗಿದ ಮಾರನೆಯ ದಿನ ಅವಳೇ ಬಂದು, "ನನ್ನ ಮಗ ಅಪ್ಪನ ಹೆಸರು ಹೇಳಿ ನಿನಗ ಮೋಸ ಮಾಡ್ಯಾನ. ಹೊಟ್ಟ್ಯಾಗ ಹಾಕ್ಕೋ ಯಣ್ಣಾ," ಎಂದು ಕೈ ಮುಗಿದಿದ್ದಳು. ಆ ಮುಗಿದ ಕೈಗಳು ಗಡಿಗೆಪ್ಪನಿಗೆ ಊಟ ಸೇರದಂತೆ ಮಾಡಿದ್ದವು.

ಅವನು ಗೋಪಮ್ಮನ ಕಡೆ ತಿರುಗಿದ.

"ಯಕ್ಕಾ, ನಿನ್ನ ಗಂಡ ದಿನಾ ಇದೇ ಕಟ್ಟಿ ಮ್ಯಾಲ ಕೂಡ್ತಿದ್ದ. ಒಂದಿನಾನೂ ಜರ್ದಾ ಮುಟ್ಟಿದವನಲ್ಲ. ಹುಡುಗ ತನಗೇ ಒಯ್ತಾನ ಅಂತ ನನಗ ಗೊತ್ತಿತ್ತು. ಗೊತ್ತಿದ್ದೇ ಕೊಟ್ಟೆ."

ಬಸ್ಸು ಬಂದು ನಿಂತಿತು. ಗೋಪಮ್ಮ ಏಳಲಿಲ್ಲ.

"ಹಂಗಾದ್ರ ನಾ ಯಾಕ ನಿನ್ನ ಮುಂದ ನನ್ನ ಮಗನ್ನ ಮೋಸಗಾರ ಅಂದೆ?" ಎಂದಳು ಮೆಲ್ಲಗೆ. "ಸತ್ತ ಕೂಸಿಗೆ ಅದೊಂದು ಹೆಸರು ಕೊಟ್ಟೆನಲ್ಲೋ ಯಣ್ಣಾ."

ಬಸ್ಸು ಹೊರಟುಹೋಯಿತು. ಮೌನಪ್ಪ ಮುಚ್ಚಳದ ಮೇಲೆ ಕಲ್ಯಾಣಿ ಬಿಟ್ಟುಹೋಗಿದ್ದ ನಾಣ್ಯ ತೆಗೆದು ಜೇಬಿಗೆ ಹಾಕಿಕೊಂಡು, ಏನೂ ಕೊಳ್ಳದೆ ಮಗಳ ಕೈ ಹಿಡಿದು ಶಾಲೆಯ ಕಡೆ ನಡೆದ.