ಕುಕೊಗಂಯದ ಮೂರು ಮೈನಸ್

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ನಾಲ್ಕು ಕಾಲೇಜುಗಳು ಸೇರಿ ಸೂರ್ಯನನ್ನು ಕಂಪ್ಯೂಟರಿನೊಳಗೆ ಇಳಿಸಲು ಹೊರಟದ್ದು ಎರಡು ಸಾವಿರದ ಹದಿನಾರರ ಏಪ್ರಿಲ್‌ನಲ್ಲಿ. ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲು. ಇದ್ದ ಒಬ್ಬ ಸೂರ್ಯನಿಗೇ ಜನ ಸಾಕಪ್ಪಾ ಎಂದು ಕೈಮುಗಿಯುತ್ತಿದ್ದ ಹೊತ್ತಿನಲ್ಲಿ ಇನ್ನೊಬ್ಬನಿಗೆ ಮಂಜೂರಾತಿ ಬಂದಿತ್ತು.

ಸೂರ್ಯನ ಒಡಲಲ್ಲಿ ಹಗುರ ಪರಮಾಣುಗಳು ಬೆಸೆದುಕೊಂಡು ಶಕ್ತಿ ಬಿಡುತ್ತವೆ. ಅದನ್ನು ಭೂಮಿಯ ಮೇಲೆ ಮಾಡಬೇಕೆಂದರೆ ಕೋಟಿ ಡಿಗ್ರಿ ಕಾಸಿದ ಅನಿಲವನ್ನು, ಅಂದರೆ ಪ್ಲಾಸ್ಮಾವನ್ನು, ಬಳೆಯಾಕಾರದ ಪಾತ್ರೆಯೊಳಗೆ ಅಯಸ್ಕಾಂತದ ಬಲದಿಂದ ಹಿಡಿದಿಡಬೇಕು. ಗೋಡೆಗೆ ತಾಗಿತೋ, ಆಟ ಮುಗಿಯಿತು. ಅಂಥ ಪಾತ್ರೆ ಕಟ್ಟುವ ಯೋಗ್ಯತೆ ಈ ಕಾಲೇಜುಗಳಿಗಿರಲಿಲ್ಲ. ಅವುಗಳ ಲ್ಯಾಬಿನ ಅಯಸ್ಕಾಂತಗಳು ಒಂದು ಮೊಳೆಯನ್ನೂ ಎತ್ತುತ್ತಿರಲಿಲ್ಲ. ಆದರೆ ಪ್ಲಾಸ್ಮಾ ಹೇಗೆ ನಡೆದುಕೊಳ್ಳುತ್ತದೆಂದು ಲೆಕ್ಕ ಹಾಕಿ ತೋರಿಸುವ ಪ್ರೋಗ್ರಾಮನ್ನಾದರೂ ಕೂಡಿ ಬರೆಯಬಹುದಿತ್ತು.

ಕಾಲೇಜಿಗೊಬ್ಬ ಉಪನ್ಯಾಸಕರಂತೆ ಕೆಲಸ ಹಂಚಿದರು. ಅಯಸ್ಕಾಂತದ ಲೆಕ್ಕ ಗಂಗಾವತಿಯ ವೆಂಕಟೇಶನಿಗೆ, ಕಣಗಳ ಓಟದ ಲೆಕ್ಕ ಕುಷ್ಟಗಿಯ ಗಾಳೇಶನಿಗೆ, ಬಣ್ಣದ ಚಿತ್ರ ಯಲಬುರ್ಗಾದ ಅಂಜಲಿಗೆ. ಮೂರನ್ನೂ ಹೊಲಿದು ಒಂದು ಮಾಡುವ ಕೆಲಸ ಕೊಪ್ಪಳದ ಮೆಹಜಬೀನಳ ಪಾಲಿಗೆ ಬಂತು. ಭಾಗ್ಯನಗರದ ದರ್ಜಿ ಮಕ್ಬುಲಸಾಬರ ಮಗಳಿಗೆ ಹೊಲಿಗೆ ಹೊಸದಲ್ಲ. ಅಳತೆ ಯಾರು ತಪ್ಪಿದರೂ ಬೈಸಿಕೊಳ್ಳುವವನು ಹೊಲಿಯುವವನೇ ಎಂಬುದೂ ಹೊಸದಲ್ಲ.

ಮೊದಲ ಮೂರು ತಿಂಗಳು ಪ್ರೋಗ್ರಾಮಿಗೆ ಹೆಸರಿಡುವುದರಲ್ಲಿ ಕಳೆಯಿತು. ಯಾರ ತಾಲೂಕು ಮೊದಲು ಬರಬೇಕೆಂಬ ಜಗಳ ಬಗೆಹರಿಯದೆ, ಕೊಪ್ಪಳದ ಪ್ರಿನ್ಸಿಪಾಲರೂ ಯೋಜನೆಯ ಅಧ್ಯಕ್ಷರೂ ಆದ ಕಳಕಪ್ಪನವರು ಅಕ್ಷರಮಾಲೆಯ ಮೊರೆಹೊಕ್ಕರು. ಅವರು ಇತಿಹಾಸದ ಮೇಷ್ಟ್ರು. ಪ್ಲಾಸ್ಮಾ ಎಂದರೆ ಮೊದಮೊದಲು ರಕ್ತದಾನ ಶಿಬಿರವೆಂದೇ ತಿಳಿದಿದ್ದರು. ಕುಷ್ಟಗಿ, ಕೊಪ್ಪಳ, ಗಂಗಾವತಿ, ಯಲಬುರ್ಗಾ ಸೇರಿ ‘ಕುಕೊಗಂಯ’ ಆಯಿತು.

“ಕೋಳಿ ಕೂಗಿದಂಗ ಕೇಳಸ್ತೈತ್ರಿ ಸರ್,” ಎಂದಳು ಅಂಜಲಿ.

“ಸೂರ್ಯ ಹುಟ್ಟೋ ಮುಂದ ಕೋಳಿ ಕೂಗಬೇಕಲ್ಲವಾ!” ಎಂದರು ಕಳಕಪ್ಪನವರು. ವಿಜ್ಞಾನಕ್ಕೆ ಅವರ ಕೊಡುಗೆ ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ.

ಎಲ್ಲರೂ ಒಂದೇ ಕಡೆ ಕೋಡ್ ಇಡಲೆಂದು ಮೆಹಜಬೀನ ಇಂಟರ್ನೆಟ್ಟಿನಲ್ಲಿ ಒಂದು ಖಾತೆ ತೆರೆದಳು. ಯಾರು ಯಾವ ಸಾಲು ಯಾವಾಗ ಬದಲಿಸಿದರೆಂದು ಅದೇ ಬರೆದಿಟ್ಟುಕೊಳ್ಳುತ್ತಿತ್ತು. ಆ ಒಂದು ಗುಣಕ್ಕೇ ವೆಂಕಟೇಶ ಅದರ ಹತ್ತಿರ ಸುಳಿಯಲಿಲ್ಲ. ಹದಿನೆಂಟು ವರ್ಷ ಪಾಠ ಮಾಡಿದವನ ಕೋಡನ್ನು ಕಂಡವರು ತೆರೆದು ನೋಡುವುದೆಂದರೇನು? ಗಂಗಾವತಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಪೆನ್‌ಡ್ರೈವ್ ಕಳಿಸುತ್ತಿದ್ದ. ಅದರೊಳಗೆ ‘ಫೈನಲ್’, ‘ಹೊಸ ಫೈನಲ್’, ‘ಇದೇ ಫೈನಲ್’ ಎಂಬ ಮೂರು ಫೈಲು. ಮೂರೂ ಬೇರೆ ಬೇರೆ ಉತ್ತರ ಕೊಡುತ್ತಿದ್ದವು.

ಅಂತೂ ಡಿಸೆಂಬರಿನಲ್ಲಿ ಮೆಹಜಬೀನ ಎಲ್ಲವನ್ನೂ ಜೋಡಿಸಿ ಓಡಿಸಿದಳು. ಬಳೆಯೊಳಗೆ ಗಿರಗಿರ ಸುತ್ತಬೇಕಾದ ಕಣಗಳಲ್ಲಿ ಅರ್ಧಕ್ಕರ್ಧ ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೋಗಿ ಗೋಡೆಗೆ ಬಡಿದವು. ಅಂಜಲಿಯ ಚಿತ್ರ ಮಾತ್ರ ಬಹಳ ಸುಂದರವಾಗಿತ್ತು. ತಪ್ಪು ಉತ್ತರವನ್ನು ಅಷ್ಟು ಚೆಂದದ ಕೇಸರಿ ಬಣ್ಣದಲ್ಲಿ ಯಾರೂ ತೋರಿಸಿರಲಿಕ್ಕಿಲ್ಲ.

“ಗಾಳೇಶಂದ ತಪ್ಪೈತ್ರಿ ಮೇಡಂ. ಅವಂಗ ಕಣ ಓಡಿಸಾಕ ಬರಂಗಿಲ್ಲ,” ಎಂದ ವೆಂಕಟೇಶ ಫೋನಿನಲ್ಲಿ.

“ವೆಂಕಟೇಶ ಸರ್ ಅಯಸ್ಕಾಂತನ ಸರಿ ಇಲ್ಲಂದ್ರ ಕಣ ಏನ್ ಮಾಡತಾವ್ರಿ, ಪಾಪ?” ಎಂದ ಗಾಳೇಶ.

ಎಂಟು ದಿನ ಸಾಲು ಸಾಲು ಓದಿದ ಮೇಲೆ ಮೆಹಜಬೀನಳಿಗೆ ಸಿಕ್ಕಿದ್ದು ಸಾಸಿವೆಯಷ್ಟು ಸಂಗತಿ. ಬಳೆಯ ಸುತ್ತಿನ ದಿಕ್ಕನ್ನು ವೆಂಕಟೇಶ ಬಲಕ್ಕೆ, ಗಡಿಯಾರದ ಮುಳ್ಳಿನಂತೆ ಎಣಿಸಿದ್ದ. ಗಾಳೇಶ ಎಡಕ್ಕೆ ಎಣಿಸಿದ್ದ. ಇಬ್ಬರೂ ಅವರವರ ಮನೆಯಲ್ಲಿ ಸರಿ. ಯಾರಾದರೊಬ್ಬರು ಒಂದು ಮೈನಸ್ ಗುರುತು ಹಾಕಿದರೆ ಕೆಲಸ ಮುಗಿಯುತ್ತಿತ್ತು.

“ನನ್ನ ಫೈಲಿನ್ಯಾಗ ಮೈನಸ್ಸಾ?” ಎಂದ ವೆಂಕಟೇಶ. “ನಾ ತಪ್ಪು ಮಾಡೀನಿ ಅಂತ ಬರಕೊಟ್ಟಂಗ ಆಗಂಗಿಲ್ಲೇನ್ರಿ?” ಗಾಳೇಶನ ಉತ್ತರವೂ ಅಕ್ಷರಶಃ ಅದೇ. ನಾಲ್ಕು ಕಾಲೇಜುಗಳ ನಡುವೆ ಮೂಡಿದ ಮೊದಲ ಒಮ್ಮತ ಅದು.

ಒಂದು ಮೈನಸ್ಸಿಗಾಗಿ ಸಮಿತಿ ರಚನೆಯಾಯಿತು. ಸಮಿತಿ ಸಾಣಾಪುರದ ಕೆರೆಯ ದಂಡೆಯ ಹೋಟೆಲೊಂದರಲ್ಲಿ ಸೇರಿತು. ಗಹನ ವಿಚಾರಕ್ಕೆ ನೀರು, ಗಾಳಿ, ಮಿರ್ಚಿ ಬೇಕಾಗುತ್ತವೆ. ಎರಡನೇ ತಟ್ಟೆ ಮಿರ್ಚಿ ಮುಗಿದಾಗ ಕಳಕಪ್ಪನವರಿಗೆ ಹೊಳೆಯಿತು.

“ಗುಡಿ ಸುತ್ತೋದು ಯಾವ ಕಡಿಂದ? ಬಲಕ್ಕ. ಕಣನೂ ಹಂಗ ಸುತ್ತಲಿ. ಗಾಳೇಶ, ನೀವೇನು ಗುಡಿ ಉಲ್ಟಾ ಸುತ್ತತೀರೇನು?”

“ಗಣಿತದ ಪುಸ್ತಕದಾಗ ಎಡಕ್ಕ ಐತ್ರಿ ಸರ್,” ಎಂದ ಗಾಳೇಶ, ಮುಖ ಕೆಂಪಗೆ ಮಾಡಿಕೊಂಡು.

ಮೆಕ್ಕಾದಲ್ಲಿ ಏಳು ಸುತ್ತು ಬಂದ ತನ್ನ ತಾಯಿ ಸರ್ದಾರಬೀ ಎಡಕ್ಕೇ ಸುತ್ತಿದ್ದು ಮೆಹಜಬೀನಳಿಗೆ ನೆನಪಾಯಿತು. ಬಾಯಿ ಬಿಡಲಿಲ್ಲ. ಅದಕ್ಕೆ ಮತ್ತೊಂದು ಸಮಿತಿ ಮಾಡುವ ಶಕ್ತಿ ಜಿಲ್ಲೆಗಿರಲಿಲ್ಲ.

ಸಭೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮುಗಿಯಿತು. ಮಾರನೇ ದಿನ ಅವಳು ತನ್ನ ಹೊಲಿಗೆಯ ಪ್ರೋಗ್ರಾಮಿನಲ್ಲೇ ಆ ಮೈನಸ್ ಹಾಕಿ, ತಪ್ಪನ್ನು ತನ್ನ ಮೈಮೇಲೆ ಎಳೆದುಕೊಂಡಳು. ಕಣಗಳು ಗಾಣದ ಎತ್ತಿನಂತೆ ವಿನಯದಿಂದ ಸುತ್ತತೊಡಗಿದವು. ಗಂಗಾವತಿಯಿಂದಲೂ ಕುಷ್ಟಗಿಯಿಂದಲೂ ಒಂದೇ ಮಾತು ಬಂತು: “ನಂದು ಮೊದಲಿಂದನೂ ಸರಿ ಇತ್ತು.” ವರದಿಯ ಮುಖಪುಟದಲ್ಲಿ ನಾಲ್ವರು ಪ್ರಿನ್ಸಿಪಾಲರ ಫೋಟೋ ಬಂದವು. ಮೆಹಜಬೀನಳ ಹೆಸರು ನಲವತ್ತನೇ ಪುಟದಲ್ಲಿ, ‘ಟೈಪಿಂಗ್ ಮತ್ತು ಇತರೆ ನೆರವು’ ಎಂಬುದರ ಕೆಳಗಿತ್ತು. ಅದನ್ನು ನೋಡಿ ಅವಳು ಎರಡು ದಿನ ಯಾರ ಫೋನೂ ಎತ್ತಲಿಲ್ಲ.

ಮಾರ್ಚಿನಲ್ಲಿ ಪರಿಶೀಲನೆಗೆ ಹೊರಗಿನಿಂದ ಹಿರಿಯ ವಿಜ್ಞಾನಿಯೊಬ್ಬರು ಬಂದರು. ನರೆಗೂದಲಿನ, ಮಾತು ಕಡಿಮೆಯ ಹೆಂಗಸು. ಶಾಲು, ಹಾರ, ಕಳಕಪ್ಪನವರ ಮುಕ್ಕಾಲು ಗಂಟೆಯ ಸ್ವಾಗತ ಭಾಷಣ ಎಲ್ಲವನ್ನೂ ತಡೆದುಕೊಂಡು ಅವರು “ಈಗ ಓಡಿಸಿ,” ಎಂದರು. ವೆಂಕಟೇಶ ಅಂದೇ ತಂದಿದ್ದ ಪೆನ್‌ಡ್ರೈವಿನಿಂದ ಹೊಸ ಫೈಲು ಹಾಕಿ ಗುಂಡಿ ಒತ್ತಿದ. ಪರದೆಯ ಮೇಲೆ ಕಣಗಳು ನೆಟ್ಟಗೆ ಹೋಗಿ ಗೋಡೆಗೆ ಬಡಿದವು. ಕೇಸರಿ ಬಣ್ಣ ಸಭಾಂಗಣವನ್ನೆಲ್ಲ ಬೆಳಗಿತು.

ಮೆಹಜಬೀನ ವೆಂಕಟೇಶನ ಕಿವಿಯ ಹತ್ತಿರ ಬಗ್ಗಿ, “ಸರ್, ಏನ್ ಮಾಡೀರಿ?” ಎಂದಳು.

“ಮೊನ್ನೆ ಮನಸ್ಸು ತಡಿಲಿಲ್ಲರಿ,” ಎಂದ ಅವನು ಪಿಸುದನಿಯಲ್ಲಿ. “ತಪ್ಪು ನಂದಾ ಇತ್ತು ಅನಸ್ತು. ಯಾರಿಗೂ ಹೇಳದಂಗ ಮೈನಸ್ ಹಾಕೀನಿ.”

ಅವಳದೊಂದು ಮೈನಸ್, ಅವನದೊಂದು. ಎರಡು ಸೇರಿ ಪ್ಲಸ್. ಜೀವಮಾನದಲ್ಲಿ ಒಮ್ಮೆ ಪಶ್ಚಾತ್ತಾಪಪಟ್ಟವನು ಅದಕ್ಕೂ ಎಂಥ ಮುಹೂರ್ತ ಹುಡುಕಿದ್ದ!

“ತಗದ ಬಿಡ್ರಿ ಈಗ.”

“ಇಷ್ಟ್ ಮಂದಿ ಮುಂದ?” ವೆಂಕಟೇಶ ಬೆವರಿದ.

ಪಕ್ಕದಲ್ಲಿ ಕುಳಿತಿದ್ದ ಗಾಳೇಶ ಎಲ್ಲ ಕೇಳಿಸಿಕೊಂಡಿದ್ದ. ಕೀಲಿಮಣೆ ತನ್ನತ್ತ ಎಳೆದುಕೊಂಡು ತನ್ನ ಫೈಲಿನಲ್ಲಿ ಮೂರನೆಯ ಮೈನಸ್ ಹಾಕಿದ. ಕಣಗಳು ಸುತ್ತಿದವು. ಚಪ್ಪಾಳೆಗೆ ಹೊರಗಿನ ಬೇವಿನ ಮರದ ಕಾಗೆಗಳು ಎದ್ದು ಹಾರಿದವು. ಕಳಕಪ್ಪನವರು ಇದು ಬಸವನ ನಾಡಿನ ಸಹಕಾರ ತತ್ವದ ಗೆಲುವೆಂದು ಮೈಕಿನಲ್ಲಿ ಸಾರಿದರು.

ಹೊರಡುವ ಮುಂಚೆ ವಿಜ್ಞಾನಿ ಮೆಹಜಬೀನಳನ್ನು ಪಕ್ಕಕ್ಕೆ ಕರೆದರು. “ಅವರು ಬದಲಿಸಿದ್ದೇನು?”

ಮುಚ್ಚಿಡಬೇಕೆಂದು ಒಂದು ಕ್ಷಣ ಅನ್ನಿಸಿತು. ಆಮೇಲೆ ಮೂರು ಮೈನಸ್ಸಿನ ಕಥೆಯನ್ನು ಇದ್ದದ್ದು ಇದ್ದಂತೆ ಹೇಳಿದಳು. ಹಾರ ಶಾಲುಗಳಿಗೆ ನಗದಿದ್ದ ಹೆಂಗಸು ಗೋಡೆ ಹಿಡಿದುಕೊಂಡು ನಕ್ಕರು. “ದೊಡ್ಡ ಗುಂಪುಗಳಲ್ಲೂ ಇದೇ ಆಗುತ್ತದಮ್ಮಾ. ಎರಡನ್ನು ತೆಗೆಸು, ಒಂದನ್ನು ಬಿಡು. ಆಮೇಲೆ ಪ್ರೋಗ್ರಾಮನ್ನು ನಿನ್ನ ಹೆಸರಿನಲ್ಲೇ ನನಗೆ ಕಳಿಸು.”

ತೆಗೆಸುವುದು ಹೇಗೆಂದು ಅವಳು ಯೋಚಿಸುತ್ತಿರುವಾಗಲೇ ಭಾನುವಾರ ಮುಂಜಾನೆ ಬಾಗಿಲು ಬಡಿದ ಸದ್ದಾಯಿತು. ವೆಂಕಟೇಶ ನಿಂತಿದ್ದ, ಹಿಂದೆ ಗಾಳೇಶ. ಇಬ್ಬರೂ ಒಂದೇ ಮೋಟಾರ್ ಸೈಕಲ್ಲಿನಲ್ಲಿ ಬಂದಿದ್ದರು. ಅದನ್ನು ನಂಬಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

“ಆ ನಿಮ್ಮ ಖಾತೆದಾಗ ಫೈಲ್ ಹೆಂಗ ಇಡಬೇಕ್ರಿ ಮೇಡಂ?” ಎಂದ ವೆಂಕಟೇಶ, ನೆಲ ನೋಡುತ್ತಾ. “ಒಮ್ಮೆ ಹೇಳ್ರಿ. ಎರಡನೇ ಸಲ ಕೇಳಾಕ ನಾಚಿಕಿ ಆಕ್ಕೈತಿ.”

ಸರ್ದಾರಬೀ ಚಹಾ ತಂದಿಟ್ಟರು. ವೆಂಕಟೇಶ ಒಂದೇ ಬೆರಳಿನಿಂದ ತನ್ನ ಮೈನಸ್ ಅಳಿಸಿದ, ಗಾಳೇಶ ತನ್ನದನ್ನು ಅಳಿಸಿದ. ಯಾರು ಏನು ಬದಲಿಸಿದರೆಂಬ ಪಟ್ಟಿಯಲ್ಲಿ ಮೂವರ ಹೆಸರೂ ಮೊದಲ ಸಲ ಒಂದರ ಕೆಳಗೊಂದು ಬಂದವು. ಮೆಹಜಬೀನ ಅದನ್ನೇ ನೋಡುತ್ತಾ ಕುಳಿತಳು. ಸಭಾಂಗಣದ ಚಪ್ಪಾಳೆಗಿಂತ ಅದು ಅವಳಿಗೆ ಹೆಚ್ಚು ಹಿತವಾಗಿತ್ತು.

“ಕಾರಣ ಬರೀರಿ ಅಂತ ಕೇಳಾಕತ್ತೈತಲ್ರಿ ಇದು. ಏನ್ ಬರೀಲಿ?” ಎಂದ ವೆಂಕಟೇಶ.

“ಖರೇ ಏನೈತೋ ಅದನ್ನ ಬರೀರಿ ಸರ್.”

ಅವನು ಅರ್ಧ ಗಂಟೆ ಯೋಚಿಸಿ, ‘ಸಣ್ಣ ಸುಧಾರಣೆ’ ಎಂದು ಬರೆದ.